ಪೆಟ್ಟಿಗೆಯೊಳಗಿನ ಬೆಳ್ಳಿತೆರೆ

ಯಂತ್ರಗಳ ಇತಿಹಾಸವನ್ನು ಸಾಮಾನ್ಯವಾಗಿ ಅವುಗಳನ್ನು ಕಂಡುಹಿಡಿದವರ ಕಡೆಯಿಂದ ಬರೆಯಲಾಗುತ್ತದೆ. ಇಲ್ಲವೇ ಮಾರಿದವರ ಕಡೆಯಿಂದ. ಹಣ ಕೊಟ್ಟು ಮನೆಗೆ ತಂದು ಹತ್ತು ವರ್ಷ ಅವುಗಳ ಎದುರು ಕುಳಿತವರ ಮಾತು ಇತಿಹಾಸಕ್ಕೆ ಸೇರುವುದು ಅಪರೂಪ. ಅಮೆರಿಕದ ಮಧ್ಯಮ ವರ್ಗದ ಮನೆಗಳಲ್ಲಿ 1980ರ ದಶಕದಿಂದ ಸುಮಾರು ಮೂವತ್ತು ವರ್ಷ ಬಾಳಿ ಮರೆಯಾದ ರಿಯರ್ ಪ್ರೊಜೆಕ್ಷನ್ ಟಿವಿಯ ವಿಷಯದಲ್ಲಿ ಹಾಗೆ ಮಾಡಿದರೆ ಹೇಳಲು ಕಥೆಯೇ ಉಳಿಯುವುದಿಲ್ಲ. ಏಕೆಂದರೆ ಆ ಟಿವಿ ಅಂಗಡಿಯಲ್ಲಿ ಒಂದು ಬಗೆಯಾಗಿ, ಮನೆಯಲ್ಲಿ ಇನ್ನೊಂದು ಬಗೆಯಾಗಿ ಕಾಣುತ್ತಿತ್ತು.

ನಮ್ಮ ಕಡೆಯ ಮನೆಗಳಿಗೆ ಅದು ಹೆಚ್ಚು ಬರಲಿಲ್ಲ. ನಾವು ದಪ್ಪ ಡಬ್ಬದ ಟಿವಿಯಿಂದ ಗೋಡೆಗೆ ತೂಗುಹಾಕುವ ಚಪ್ಪಟೆ ಟಿವಿಗೆ ನೇರವಾಗಿ ಜಿಗಿದವರು. ಆದ್ದರಿಂದ ಆ ಯಂತ್ರ ಹೇಗಿತ್ತೆಂದು ಮೊದಲು ಹೇಳಬೇಕು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಅದರ ತಳದಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದರಂತೆ ಮೂರು ಚಿಕ್ಕ ಪಿಕ್ಚರ್ ಟ್ಯೂಬುಗಳು, ಒಂದೊಂದರ ಮುಂದೆಯೂ ಮಸೂರ. ಅವು ಚೆಲ್ಲಿದ ಬೆಳಕು ಹಿಂಭಾಗದಲ್ಲಿ ಓರೆಯಾಗಿ ನಿಲ್ಲಿಸಿದ ಕನ್ನಡಿಗೆ ತಾಗಿ, ಮುಂದಿರುವ ಪರದೆಯ ಬೆನ್ನ ಮೇಲೆ ಬೀಳುತ್ತದೆ. ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಮ್ಮ ಬೆನ್ನ ಹಿಂದಿದ್ದರೆ ಇಲ್ಲಿ ಅದು ಪರದೆಯ ಹಿಂದೆ. ಆ ಪರದೆಯೂ ಬರೀ ಬಟ್ಟೆಯಲ್ಲ. ಬೆಳಕನ್ನು ನೋಡುಗನ ಕಡೆಗೆ ತಿರುಗಿಸುವ ಫ್ರೆನೆಲ್ ಮಸೂರದ ಹಾಳೆ ಒಂದು. ಆ ಬೆಳಕನ್ನು ಎಡಬಲಕ್ಕೆ ಹರಡುವ ಸಣ್ಣ ಗೀರುಗಳ ಹಾಳೆ ಇನ್ನೊಂದು. ಎಡಬಲಕ್ಕೆ ಹರಡಿದಷ್ಟು ಮೇಲೆ ಕೆಳಗೆ ಹರಡುವುದಿಲ್ಲ. ಹಾಗಾಗಿ ಸೋಫಾದಲ್ಲಿ ಕುಳಿತವರಿಗೆ ಹುಣ್ಣಿಮೆ, ಬಾಗಿಲಲ್ಲಿ ನಿಂತವರಿಗೆ ಮುಸ್ಸಂಜೆ!

ಟಿವಿಯ ಬಿಂಬವನ್ನು ಹಿಗ್ಗಿಸುವ ಆಸೆ ಹಳೆಯದು. ಎರಡನೇ ಮಹಾಯುದ್ಧದ ನಂತರ, ಹತ್ತಿಂಚಿನ ಟಿವಿಯೇ ಸಾಮಾನ್ಯವಾಗಿದ್ದ 1947ರ ಸುಮಾರಿಗೆ, ಆರ್‌ಸಿಎ ಕಂಪನಿ ಒಂದು ಪ್ರೊಜೆಕ್ಷನ್ ಟಿವಿಯನ್ನು ಮಾರಿತು. ಐದಿಂಚಿನ ಪುಟ್ಟ ಟ್ಯೂಬಿನ ಬಿಂಬವನ್ನು 15 ಇಂಚು ಎತ್ತರ, 20 ಇಂಚು ಅಗಲಕ್ಕೆ ಹಿಗ್ಗಿಸಲು ಅದು ಬಳಸಿದ್ದು ಬರ್ನ್‌ಹಾರ್ಡ್ ಶ್ಮಿಟ್ ಎಂಬಾತ 1930ರಲ್ಲಿ ದೂರದರ್ಶಕಕ್ಕಾಗಿ ರೂಪಿಸಿದ್ದ ಮಸೂರದ ವಿದ್ಯೆಯನ್ನು. ನಕ್ಷತ್ರ ನೋಡಲು ಮಾಡಿದ್ದು ಕುಸ್ತಿ ನೋಡಲು ಒದಗಿತು. ಕೆಲವೇ ವರ್ಷಗಳಲ್ಲಿ ಟ್ಯೂಬುಗಳೇ ದೊಡ್ಡವಾದವು. ಆ ಪ್ರಯತ್ನ ಅಲ್ಲಿಗೆ ನಿಂತಿತು. ಮತ್ತೆ ಅದಕ್ಕೆ ಜೀವ ಕೊಟ್ಟವರು ಧ್ವನಿಪೆಟ್ಟಿಗೆಗಳ ತಯಾರಿಕೆಯಲ್ಲಿ ಹೆಸರಾಗಿದ್ದ ಹೆನ್ರಿ ಕ್ಲಾಸ್. 1970ರ ದಶಕದ ಮೊದಲ ಭಾಗದಲ್ಲಿ ಅವರ ಅಡ್ವೆಂಟ್ ಕಂಪನಿಯ ವಿಡಿಯೋಬೀಮ್, ಏಳಡಿಯ ಪ್ರತ್ಯೇಕ ಪರದೆಯ ಮೇಲೆ ಚಿತ್ರ ಮೂಡಿಸಿತು. ಕೋಣೆಯನ್ನು ಕತ್ತಲೆ ಮಾಡಲೇಬೇಕಿತ್ತು. ಆ ಪರದೆ, ಆ ಟ್ಯೂಬು ಎಲ್ಲವನ್ನೂ ಒಂದೇ ಪೆಟ್ಟಿಗೆಯೊಳಗೆ ಮಡಚಿಟ್ಟಂತೆ ನಂತರ ಬಂದದ್ದು ನಾವು ಹೇಳುತ್ತಿರುವ ಟಿವಿ.

1982ರಲ್ಲಿ ಮನೆಗೆ ಡಾಲ್ಬಿ ಸರೌಂಡ್, 1987ರಲ್ಲಿ ಪ್ರೊ ಲಾಜಿಕ್ ಬಂದವು. ಸದ್ದು ನಾಲ್ಕೂ ಕಡೆಯಿಂದ ಬರತೊಡಗಿದ ಮೇಲೆ ಚಿತ್ರ ಮಾತ್ರ ಇಪ್ಪತ್ತೇಳು ಇಂಚಿನಲ್ಲಿ ಹೇಗೆ ಸಾಕಾದೀತು? 'ಹೋಮ್ ಥಿಯೇಟರ್' ಎಂಬ ಮಾತು ಮನೆಮಾತಾದದ್ದು ಹೀಗೆ. ಐವತ್ತು ಅರವತ್ತು ಇಂಚಿನ ಪರದೆಯನ್ನು ಆ ಕಾಲದ ಗಾಜಿನ ಟ್ಯೂಬಿನಲ್ಲಿ ಮಾಡಿ ಮನೆಗೆ ಕೊಡುವಂತಿರಲಿಲ್ಲ. ಆ ಜಾಗವನ್ನು ತುಂಬಿದ್ದು ರಿಯರ್ ಪ್ರೊಜೆಕ್ಷನ್.

ಇನ್ನು ಮಾಲೀಕರ ಮಾತಿಗೆ ಬರೋಣ. ಮೊದಲ ತಿಂಗಳಿನ ಅಭಿಪ್ರಾಯ ಬಹುಪಾಲು ಹೊಗಳಿಕೆಯೇ. ಕಥೆ ಬರೆಯುವವರಾದ ನಮಗೆ ಈ ಹೊಗಳಿಕೆಯ ಮೇಲೆ ಅಷ್ಟು ನಂಬಿಕೆಯಿಲ್ಲ. ಅದರಲ್ಲಿ ಅರ್ಧ ಖರ್ಚಾದ ಹಣದ ದನಿ. ನಿಜವಾದ ಮಾತು ಆರು ತಿಂಗಳ ನಂತರ ಶುರುವಾಗುತ್ತಿತ್ತು. ಫುಟ್‌ಬಾಲ್ ಮೈದಾನದ ಬಿಳಿ ಗೆರೆಯ ಒಂದು ಅಂಚಿನಲ್ಲಿ ಕೆಂಪು, ಇನ್ನೊಂದು ಅಂಚಿನಲ್ಲಿ ನೀಲಿ ಇಣುಕುತ್ತಿತ್ತು. ಮೂರು ಟ್ಯೂಬುಗಳ ಬಿಂಬ ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರಬೇಕು. ಇದಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ. ಟ್ಯೂಬು ಬಿಸಿಯಾದಂತೆ, ಪೆಟ್ಟಿಗೆಯನ್ನು ಸ್ವಲ್ಪ ಸರಿಸಿದಂತೆ ಅದು ತಪ್ಪುತ್ತಿತ್ತು. ಪರದೆಯ ಮೇಲೆ ಚೌಕುಳಿ ಮೂಡಿಸಿ, ರಿಮೋಟಿನಿಂದ ಒಂದೊಂದೇ ಬಿಂದುವನ್ನು ಎಳೆದು ಸರಿಮಾಡುತ್ತ ರಾತ್ರಿ ಕಳೆದವರಿದ್ದಾರೆ.

ಇನ್ನೊಂದು ದೂರು ಸುಟ್ಟ ಗುರುತಿನದು. ವಾಹಿನಿಯ ಲಾಂಛನ, ಷೇರುಪೇಟೆಯ ಪಟ್ಟಿ, ವಿಡಿಯೋ ಗೇಮಿನ ಅಂಕಿ, ಹೀಗೆ ಅಲುಗಾಡದೆ ನಿಂತ ಯಾವುದೇ ಚಿತ್ರ ಟ್ಯೂಬಿನ ಫಾಸ್ಫರ್ ಲೇಪದಲ್ಲಿ ನೆಲೆಸಿಬಿಡುತ್ತಿತ್ತು. ಇದರಲ್ಲಿ ಅಂಗಡಿಯ ಪಾಲೂ ಇತ್ತು. ಕಣ್ಣು ಕುಕ್ಕುವ ಬೆಳಕಿನ ಅಂಗಡಿಯಲ್ಲಿ ಪಕ್ಕದ ಟಿವಿಗಿಂತ ಹೊಳೆಯಲೆಂದು ಕಾರ್ಖಾನೆಯಿಂದಲೇ ಕಾಂಟ್ರಾಸ್ಟ್ ಅನ್ನು ತುದಿಗೇರಿಸಿ, ಬಿಳಿಯನ್ನು ನೀಲಿಗೆ ತಿರುಗಿಸಿ ಕಳಿಸುತ್ತಿದ್ದರು. ಅದನ್ನು ಇಳಿಸದೆ ಹಾಗೆಯೇ ನೋಡಿದ ಮನೆಯಲ್ಲಿ ಟ್ಯೂಬು ಬೇಗ ಸವೆಯುತ್ತಿತ್ತು. ಜೋ ಕೇನ್ ಎಂಬವರು 1989ರಲ್ಲಿ ಲೇಸರ್ ಡಿಸ್ಕ್ ಒಂದನ್ನು ತಂದು, ಚಿತ್ರ ನಿಜಕ್ಕೂ ಹೇಗಿರಬೇಕೆಂದು ಸಾಮಾನ್ಯ ನೋಡುಗನಿಗೆ ಪರೀಕ್ಷೆಯ ಚಿತ್ರಗಳ ಮೂಲಕ ತೋರಿಸಿದರು. 1990ರ ದಶಕದಲ್ಲಿ ಮನೆಗೆ ಬಂದು ಟಿವಿಯನ್ನು ಅಳತೆಗೆ ತಂದುಕೊಡುವ ತರಬೇತಾದ ತಂತ್ರಜ್ಞರೂ ಹುಟ್ಟಿಕೊಂಡರು. ಕೊಂಡ ವಸ್ತು ಸರಿಯಾಗಿ ಕಾಣಲು ಇನ್ನೊಬ್ಬರಿಗೆ ಬೇರೆ ಹಣ ಕೊಡಬೇಕು ಎಂಬುದು ಮಾರಾಟಗಾರನ ಬಾಯಿಂದ ಬರದ ಮಾತು. ಅದನ್ನು ಮಾಲೀಕರು ಮಾಲೀಕರಿಗೆ ಹೇಳಿದರು.

ಬೇರೆ ಗುಟ್ಟುಗಳೂ ಹೀಗೆಯೇ ಹರಡಿದವು. ಹಿಂಬದಿಯ ಹಲಗೆ ಬಿಚ್ಚಿ ಕನ್ನಡಿಯ ಮೇಲಿನ ವರ್ಷಗಳ ಧೂಳು ತೆಗೆಯುವುದು, ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಟ್ಟೆ ಅಂಟಿಸಿ ಅಡ್ಡಾದಿಡ್ಡಿ ಬೆಳಕನ್ನು ಹೀರಿಸುವುದು, ದೀಪದ ನೆರಳು ಹೊಳೆಯುವ ಮುಂದಿನ ರಕ್ಷಣಾ ಹಾಳೆಯನ್ನೇ ಕಳಚುವುದು. ಒಳಗೆ ಸಾವಿರಾರು ವೋಲ್ಟ್ ವಿದ್ಯುತ್ತಿರುವ ಪೆಟ್ಟಿಗೆಯಿದು, ಹುಡುಗಾಟವಲ್ಲ. ಆದರೂ ಮಾಡಿದರು. ಹಾಗೆ ಮಾಡಿದವರೇ ಮುಂದೆ ಅದರ ಅತಿ ದೊಡ್ಡ ಅಭಿಮಾನಿಗಳಾದರು. ಕತ್ತಲೆ ಕೋಣೆಯಲ್ಲಿ, ಸರಿಯಾಗಿ ಅಳತೆಗೆ ತಂದ ಟ್ಯೂಬಿನ ಕಪ್ಪು ನಿಜವಾದ ಕಪ್ಪಾಗಿರುತ್ತಿತ್ತು. ಮೊದಲ ತಲೆಮಾರಿನ ಎಲ್‌ಸಿಡಿಗಳು ಅದರ ಮುಂದೆ ಬೂದಿ ಬಳಿದಂತೆ ಕಾಣುತ್ತಿದ್ದವು. ಇದು ಬರೀ ಮೋಹದ ಮಾತಲ್ಲ, ಅಳೆದು ಹೇಳಬಹುದಾದ ಸತ್ಯ.

ಈ ಅಭಿಪ್ರಾಯಗಳನ್ನು ಓದುವಾಗ ಒಂದು ಸಂಗತಿ ನಮ್ಮನ್ನು ಚುಚ್ಚುತ್ತದೆ. ಇವು ಹೆಚ್ಚುಕಡಿಮೆ ಗಂಡಸರ ಅಭಿಪ್ರಾಯಗಳು. ಒಂದು ಕೋಣೆಯ ಗೋಡೆಯನ್ನೇ ನುಂಗುವ, ನೂರು ಕಿಲೋ ಮೀರಿ ತೂಗುವ ಪೆಟ್ಟಿಗೆಯ ಬಗ್ಗೆ ಮನೆಯ ಹೆಂಗಸು ಏನೆಂದಳು? 1980ರ ದಶಕದಿಂದ ಅಮೆರಿಕದ ಆಡಿಯೋ ಹವ್ಯಾಸಿಗಳಲ್ಲಿ ಇದಕ್ಕೊಂದು ಹಾಸ್ಯದ ಹೆಸರೇ ಇತ್ತು: ಹೆಂಡತಿ ಒಪ್ಪುವ ಪ್ರಮಾಣ. ಎಂದರೆ ಆಕೆಯ ಮಾತು ಅಭಿಪ್ರಾಯವಲ್ಲ, ದಾಟಬೇಕಾದ ಅಡ್ಡಿ. ಆಕೆ ಹೇಳಿದ್ದು ಸರಿಯೇ ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವವರಿಗೆ ಆ ಪರದೆ ಮಬ್ಬು. ಹಗಲಿನ ಕಿಟಕಿ ತೆರೆದರೆ ಇನ್ನೂ ಮಬ್ಬು. ಕುಳಿತು ನೋಡುವ ಬಿಡುವು ಯಾರಿಗಿತ್ತೋ ಅವರಿಗಾಗಿ ಮಾಡಿದ ಯಂತ್ರ ಅದು. ಮುಂದೆ ಚಪ್ಪಟೆ ಟಿವಿ ಗೆದ್ದಾಗ ಹವ್ಯಾಸಿಗಳು ಚಿತ್ರದ ಗುಣಮಟ್ಟ ಸೋತಿತೆಂದು ಗೊಣಗಿದರು. ನಮ್ಮ ಎಣಿಕೆಯಲ್ಲಿ, ಅಷ್ಟು ವರ್ಷ ಲೆಕ್ಕಕ್ಕೆ ಸಿಗದ ಅಭಿಪ್ರಾಯವೂ ಆ ಗೆಲುವಿನಲ್ಲಿ ಪಾಲು ಪಡೆದಿತ್ತು.

ಕೊನೆಯ ಅಧ್ಯಾಯ ಬೇಗ ಮುಗಿಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಸೃಷ್ಟಿಸಿದ, ಲಕ್ಷಾಂತರ ಸೂಕ್ಷ್ಮ ಕನ್ನಡಿಗಳು ಅಲುಗಾಡುವ ಚಿಪ್, 2000ದ ನಂತರ ಮೂರು ಟ್ಯೂಬುಗಳ ಜಾಗಕ್ಕೆ ಬಂತು. 1280 ಅಡ್ಡ, 720 ಉದ್ದ, ಒಟ್ಟು 9,21,600 ಕನ್ನಡಿಗಳು. ಪೆಟ್ಟಿಗೆ ತೆಳ್ಳಗಾಯಿತು, ಕನ್ವರ್ಜೆನ್ಸ್ ಕಾಟ ತಪ್ಪಿತು. ದೂರು ಮಾತ್ರ ಬಟ್ಟೆ ಬದಲಿಸಿಕೊಂಡು ಬಂತು. ಬಣ್ಣದ ಚಕ್ರ ತಿರುಗಿಸಿ ಬಣ್ಣ ಕೊಡುವುದರಿಂದ ಕೆಲವರಿಗೆ ಕಣ್ಣು ಹೊರಳಿಸಿದಾಗ ಕಾಮನಬಿಲ್ಲಿನ ಮಿಂಚು. ಅದೇ ಸೋಫಾದಲ್ಲಿ ಕುಳಿತ ಇನ್ನೊಬ್ಬರಿಗೆ ಏನೂ ಇಲ್ಲ. ಇಬ್ಬರೂ ಹೇಳಿದ್ದು ನಿಜ. ಜೊತೆಗೆ ಕೆಲವು ಸಾವಿರ ಗಂಟೆಗೊಮ್ಮೆ ಬದಲಿಸಬೇಕಾದ ಪಾದರಸದ ದೀಪ. ಎಲ್‌ಸಿಡಿ ಬಗೆಯ ಪ್ರೊಜೆಕ್ಷನ್‌ನಲ್ಲಿ ಬೆಳಕಿನ ಭಾಗವೇ ಕೆಟ್ಟು ಪರದೆಯ ಮೇಲೆ ಬಣ್ಣದ ಕಲೆ ಮೂಡಿದಾಗ ಸೋನಿಯ ಗ್ರಾಹಕರು ಅಮೆರಿಕದ ನ್ಯಾಯಾಲಯಗಳಲ್ಲಿ ಸಾಮೂಹಿಕ ದಾವೆ ಹೂಡಿದರು. ಒಂಟಿ ಮನೆಯ ಗೊಣಗಾಟ ಹಲವು ಮನೆಗಳದು ಒಂದೇ ಎಂದು ತಿಳಿದಾಗ ಸಾಕ್ಷಿಯಾಗುತ್ತದೆ.

2007ರ ಡಿಸೆಂಬರಿನಲ್ಲಿ ಸೋನಿ ಈ ವ್ಯಾಪಾರ ಬಿಡುವುದಾಗಿ ಹೇಳಿತು. ಉಳಿದವರೂ ಒಬ್ಬೊಬ್ಬರಾಗಿ ಹೊರಟರು. ಮಿತ್ಸುಬಿಷಿ ಮಾತ್ರ 92 ಇಂಚಿನ ಪರದೆಯವರೆಗೆ ಬೆಳೆಸಿಕೊಂಡು ಹೋಗಿ, 2012ರ ಡಿಸೆಂಬರಿನಲ್ಲಿ ನಿಲ್ಲಿಸಿತು.

ಕೆಡದಿದ್ದ ಟಿವಿಗಳ ಪಾಡು ಬೇರೆಯೇ. 1998ರ ನಂತರ ಹೈ ಡೆಫಿನಿಷನ್‌ಗೆ ಸಿದ್ಧವೆಂದು ದುಬಾರಿ ಬೆಲೆಗೆ ಮಾರಿದ ಮೊದಲ ಟಿವಿಗಳಲ್ಲಿದ್ದದ್ದು ಹಳೆಯ ಅನಲಾಗ್ ಕಿಂಡಿ. ನಕಲು ತಡೆಯುವ ಎಚ್‌ಡಿಎಂಐ ಬಂದದ್ದು ಆಮೇಲೆ. ಚಿತ್ರೋದ್ಯಮ ಮತ್ತು ತಯಾರಕರ ಒಪ್ಪಂದದಂತೆ 2011ರಿಂದ ತಯಾರಾದ ಬ್ಲೂ-ರೇ ಯಂತ್ರಗಳು ಆ ಹಳೆಯ ಕಿಂಡಿಗೆ ಕಡಿಮೆ ಸ್ಪಷ್ಟತೆಯ ಚಿತ್ರವನ್ನಷ್ಟೇ ಕೊಟ್ಟವು. ಟಿವಿ ಸರಿಯಿತ್ತು, ಕಣ್ಣೂ ಸರಿಯಿತ್ತು, ಹಣವೂ ಪೂರ್ತಿ ಕೊಟ್ಟಾಗಿತ್ತು. ಮಾಲೀಕನನ್ನು ಯಾರೂ ಕೇಳಿರಲಿಲ್ಲ.

ಹೊರಗೆ ಸಾಗಿಸಲು ನಾಲ್ಕು ಜನ ಬೇಕಾದ್ದರಿಂದ ಬಿಟ್ಟಿಯಾಗಿ ಕೊಟ್ಟರೂ ಕೊಳ್ಳುವವರಿರಲಿಲ್ಲ. ಅಮೆರಿಕದ ರಸ್ತೆಬದಿಗಳಲ್ಲಿ ಅವು ಮಳೆಯಲ್ಲಿ ನೆನೆದವು. ಕೆಲವರು ಮಾತ್ರ ಸ್ಕ್ರೂಡ್ರೈವರ್ ಹಿಡಿದು ಬಂದು ಪರದೆ ಬಿಚ್ಚಿ, ಆ ಫ್ರೆನೆಲ್ ಹಾಳೆಯನ್ನು ಜೋಪಾನವಾಗಿ ತೆಗೆದುಕೊಂಡು ಹೋದರು. ಮರದ ಚೌಕಟ್ಟಿಗೆ ಬಿಗಿದು ಬಿಸಿಲಿಗೆ ಹಿಡಿದರೆ ಅದು ಸೂರ್ಯನನ್ನು ಒಂದು ನಾಣ್ಯದಗಲಕ್ಕೆ ಕುಗ್ಗಿಸುತ್ತದೆ. ಕಟ್ಟಿಗೆ ತಕ್ಷಣ ಹೊತ್ತಿಕೊಳ್ಳುತ್ತದೆ, ಸೀಸ ಕರಗುತ್ತದೆ.