ಜಗಳ ಬೇರೆ, ಗೋಳು ಹೊಯ್ಕೊಳ್ಳೋದು ಬೇರೆ: ನಾರ್ವೆಯ ಮೇಷ್ಟ್ರುಗಳ ಕಥೆ

ಇಬ್ಬರು ಹುಡುಗರು ಹೊಡೆದಾಡಿಕೊಂಡು ಸ್ಟಾಫ್ ರೂಮಿಗೆ ಬರ್ತಾರೆ. ಮೇಷ್ಟ್ರು ಏನ್ ಹೇಳ್ತಾರೆ? ‘ಇಬ್ಬರದ್ದೂ ತಪ್ಪಿದೆ. ಸಾರಿ ಹೇಳಿ, ಕೈ ಕೊಡಿ, ಕ್ಲಾಸಿಗೆ ನಡೀರಿ.’ ನಮ್ಮಲ್ಲಿ ಬಹಳ ಜನ ಈ ತೀರ್ಪು ಕೇಳ್ತಾನೇ ಬೆಳೆದವರು. ಎಷ್ಟೋ ಸಲ ಅದು ಸರಿಯಾದ ತೀರ್ಪೇ. ಆದ್ರೆ ಕೆಲವು ಸಲ ಅದರಷ್ಟು ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಯಾವಾಗ ಸರಿ, ಯಾವಾಗ ಅನ್ಯಾಯ ಅನ್ನೋದನ್ನ ನಾರ್ವೆ ದೇಶದ ಶಾಲೆಗಳು ಬಹಳ ದುಬಾರಿ ಬೆಲೆ ತೆತ್ತು ಕಲಿತವು.

1982ರ ಕೊನೆ. ನಾರ್ವೆಯ ಪತ್ರಿಕೆಯೊಂದರಲ್ಲಿ ಒಂದು ಸುದ್ದಿ ಬಂತು. ದೇಶದ ಉತ್ತರ ಭಾಗದಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಹುಡುಗರು ತಮ್ಮ ಜೀವ ತಾವೇ ಕಳೆದುಕೊಂಡಿದ್ದರು. ಓರಗೆಯವರ ತೀವ್ರ ಕಿರುಕುಳವೇ ಕಾರಣ ಇರಬೇಕು ಎಂಬ ಮಾತು ಹಬ್ಬಿತು. ಗಮನಿಸಿ, ಆ ದೇಶದ ಶಾಲೆಗಳಲ್ಲಿ ಬೆತ್ತಕ್ಕೆ 1936ರಲ್ಲೇ ನಿಷೇಧ ಬಿದ್ದಿತ್ತು. ನಮ್ಮಲ್ಲಿ ಮಕ್ಕಳನ್ನು ಹೊಡೆಯಬಾರದು, ಮಾನಸಿಕವಾಗಿ ಹಿಂಸಿಸಬಾರದು ಅಂತ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಹೇಳಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ. ಅಂದ್ರೆ ಮೇಷ್ಟ್ರ ಕೈಯಿಂದ ಬೆತ್ತ ಹೋಗಿ ಅರ್ಧ ಶತಮಾನ ಕಳೆಯುತ್ತಾ ಬಂದಿದ್ದರೂ, ಮಕ್ಕಳೇ ಮಕ್ಕಳಿಗೆ ಕೊಡೋ ಹಿಂಸೆ ಅಲ್ಲಿ ನಿಂತಿರಲಿಲ್ಲ. ಬೆತ್ತದ ಜಾಗಕ್ಕೆ ಏನು ಬರಬೇಕು ಅನ್ನೋದು ಯಾರಿಗೂ ಸ್ಪಷ್ಟವಾಗಿರಲಿಲ್ಲ.

ಈ ಪ್ರಶ್ನೆಯ ಹಿಂದೆ ಆಗಲೇ ಒಬ್ಬರು ಬಿದ್ದಿದ್ದರು. ಹೆಸರು ಡಾನ್ ಓಲ್ವೇಯಸ್. ಹುಟ್ಟಿದ್ದು ಸ್ವೀಡನ್‌ನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ನಾರ್ವೆಯ ಬರ್ಗನ್ ಊರಲ್ಲಿ. 1970ರ ದಶಕದ ಶುರುವಿನಲ್ಲೇ ಅವರು ಶಾಲಾ ಹುಡುಗರ ಮಧ್ಯದ ಹಿಂಸೆಯನ್ನು ಲೆಕ್ಕ ಹಾಕಿ ಅಭ್ಯಾಸ ಮಾಡಿದ್ದರು. 1973ರಲ್ಲಿ ಅದು ಪುಸ್ತಕವಾಯಿತು. ಆಗ ಅಲ್ಲಿ ಚಾಲ್ತಿಯಲ್ಲಿದ್ದ ಪದ ‘ಮಾಬಿಂಗ್’. ಗುಂಪೊಂದು ಒಬ್ಬನ ಮೇಲೆ ಎರಗೋದು ಅಂತ ಅರ್ಥ. ಓಲ್ವೇಯಸ್‌ಗೆ ಈ ಪದದ ಬಗ್ಗೆ ತಕರಾರಿತ್ತು. ಗುಂಪು ಅಂದುಬಿಟ್ರೆ ಯಾರೂ ಹೊಣೆ ಅಲ್ಲ ಅಂತಾಗುತ್ತೆ, ಒಬ್ಬಿಬ್ಬರೇ ಸೇರಿ ಒಂದು ಮಗುವಿನ ಬದುಕು ನರಕ ಮಾಡಬಲ್ಲರು ಅಂತ ಅವರ ವಾದ. ಅವರು ಮೂರು ಗುರುತು ಕೊಟ್ಟರು. ನೋಯಿಸುವ ಉದ್ದೇಶ ಇರಬೇಕು, ಮತ್ತೆ ಮತ್ತೆ ನಡೀಬೇಕು, ಇಬ್ಬರ ಬಲ ಸಮ ಇರಬಾರದು.

ಈ ಮೂರನೆಯದೇ ಮುಖ್ಯ. ಸಮಬಲದವರು ಕಿತ್ತಾಡಿದರೆ ಅದು ಜಗಳ. ಅಲ್ಲಿ ರಾಜಿ ಕೆಲಸ ಮಾಡುತ್ತೆ. ಆದರೆ ದಿನಾ ತಿನ್ನೋ ಪೆಟ್ಟಿಗೆ ಹೆದರಿ ನಿಂತ ಹುಡುಗನಿಗೂ ಹೊಡೆದವನಿಗೂ ‘ಇಬ್ಬರೂ ಸಾರಿ ಹೇಳಿ’ ಅಂದ್ರೆ? ಹೊಡೆಸಿಕೊಂಡದ್ದಕ್ಕೂ ಅವನೇ ಕ್ಷಮೆ ಕೇಳಿದ ಹಾಗಾಯ್ತು. ಕನ್ನಡದಲ್ಲಿ ಇದಕ್ಕೆ ಪದ ಇಲ್ಲ ಅಂತ ಕೆಲವರು ‘ಬುಲ್ಲಿಯಿಂಗ್’ ಅಂತಲೇ ಬರೀತಾರೆ. ನನಗೆ ‘ಗೋಳು ಹೊಯ್ಕೊಳ್ಳೋದು’ ಅನ್ನೋದು ಸಾಕು ಅನ್ಸುತ್ತೆ. ಪದೇ ಪದೇ ಅನ್ನೋದೂ ಅದರಲ್ಲಿದೆ, ತಿರುಗಿ ಏನೂ ಮಾಡಲಾಗದವನ ಸಂಕಟವೂ ಇದೆ.

ಕಥೆಗೆ ಬರೋಣ. 1983ರ ಶರತ್ಕಾಲದಲ್ಲಿ ನಾರ್ವೆಯ ಶಿಕ್ಷಣ ಸಚಿವಾಲಯ ರಾಷ್ಟ್ರೀಯ ಆಂದೋಲನ ಶುರು ಮಾಡಿತು. ಶಾಲಾ ಸಿಬ್ಬಂದಿಗೆ 32 ಪುಟದ ಕೈಪಿಡಿ, ಅಪ್ಪ ಅಮ್ಮಂದಿರಿಗೆ 4 ಪುಟದ ಮಡಿಕೆ ಪತ್ರ, 25 ನಿಮಿಷದ ವಿಡಿಯೋ ಕ್ಯಾಸೆಟ್, ಮಕ್ಕಳು ಹೆಸರು ಬರೆಯದೆ ತುಂಬುವ ಪ್ರಶ್ನಾವಳಿ. ಪ್ರಶ್ನಾವಳಿಯ ಉತ್ತರ ನೋಡಿದರೆ ಸುಮಾರು 15% ಮಕ್ಕಳು, ಒಂದೋ ಗೋಳು ಹೊಯ್ಕೊಳ್ಳುವವರು, ಇಲ್ಲವೇ ಅದನ್ನ ಅನುಭವಿಸುವವರು.

ಬರ್ಗನ್‌ನ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಓಲ್ವೇಯಸ್ ತಂಡ ಎರಡೂವರೆ ವರ್ಷ ಹಿಂಬಾಲಿಸಿತು. ಕಿರುಕುಳ ಅರ್ಧದಷ್ಟು ಇಳಿಯಿತು. ಅದೇ ಆಂದೋಲನವನ್ನು ಸ್ಟಾವಂಗರ್ ಕಡೆಯ ಶಾಲೆಗಳಲ್ಲಿ ಮೂರು ವರ್ಷದ ನಂತರ ಎರ್ಲಿಂಗ್ ರೋಲಾಂಡ್ ಎಂಬ ಸಂಶೋಧಕರು ಅಳೆದಾಗ ಇಳಿದಿರಲಿಲ್ಲ, ಸ್ವಲ್ಪ ಏರಿಯೇ ಇತ್ತು! ದೇಶ ಒಂದೇ, ಕೈಪಿಡಿ ಒಂದೇ, ಫಲ ಬೇರೆ. ಬರ್ಗನ್‌ನಲ್ಲಿ ಸಂಶೋಧಕರು ಶಾಲೆಗಳ ಜೊತೆ ಸಂಪರ್ಕ ಬಿಡಲಿಲ್ಲ, ನಿಮ್ಮ ಶಾಲೆಯ ಅಂಕಿ ಹೀಗಿದೆ ನೋಡಿ ಅಂತ ತೋರಿಸುತ್ತಾ ಹೋದರು. ಇನ್ನೊಂದು ಕಡೆ ಬಹುಮಟ್ಟಿಗೆ ಶಾಲೆಗಳನ್ನು ಅವುಗಳ ಪಾಡಿಗೆ ಬಿಡಲಾಗಿತ್ತು. ಒಂದು ದಿನದ ತರಬೇತಿ ಕೊಟ್ಟು, ಕಿಟ್ ಹಂಚಿ, ಫೋಟೋ ತೆಗೆಸಿಕೊಂಡು ಹೋಗುವವರು ಈ ಭಾಗವನ್ನ ಎರಡು ಸಲ ಕೇಳಬೇಕು.

ಹಾಗಾದ್ರೆ ಮೇಷ್ಟ್ರುಗಳು ಮಾಡಬೇಕಾಗಿದ್ದೇನು? ದೊಡ್ಡ ವಿದ್ಯೆ ಏನಲ್ಲ. ಇಂಟರ್ವೆಲ್‌ನಲ್ಲಿ ಸ್ಟಾಫ್ ರೂಮ್ ಬಿಟ್ಟು ಮೈದಾನಕ್ಕೆ ಬರೋದು. ಶಾಲೆಗೆ ಬರುವ ಹೋಗುವ ದಾರಿಗಿಂತ ಶಾಲೆಯ ಒಳಗೇ ಕಿರುಕುಳ ಜಾಸ್ತಿ ಅಂತ ಗೊತ್ತಾಗಿತ್ತು. ವಿರಾಮದಲ್ಲಿ ಹೆಚ್ಚು ಶಿಕ್ಷಕರು ಹೊರಗಿದ್ದ ಶಾಲೆಗಳಲ್ಲಿ ಅದು ಕಮ್ಮಿ. ತರಗತಿಯಲ್ಲಿ ಮಕ್ಕಳ ಜೊತೆ ಕೂತು ನಿಯಮ ಮಾಡೋದು. ಅದರಲ್ಲಿ ಒಂದು, ಒಂಟಿಯಾಗಿ ಉಳಿಯೋ ಮಗುವನ್ನ ಆಟಕ್ಕೆ ಸೇರಿಸಿಕೊಳ್ಳಬೇಕು ಅನ್ನೋದು. ಇನ್ನೊಂದು ನಾಜೂಕಿನ ಕೆಲಸ, ಮಾತು. ನೊಂದ ಮಗುವಿನ ಜೊತೆ ಬೇರೆ, ನೋಯಿಸಿದವನ ಜೊತೆ ಬೇರೆ. ನೋಯಿಸಿದವರು ಮೂರು ಜನ ಇದ್ದರೆ ಒಬ್ಬೊಬ್ಬರನ್ನೇ ಕರೆದು, ಒಬ್ಬರ ಬೆನ್ನಿಗೆ ಇನ್ನೊಬ್ಬರನ್ನು ಮಾತಾಡಿಸಬೇಕು. ಮಧ್ಯೆ ಅವರು ಸೇರಿ ಕಥೆ ಕಟ್ಟೋಕೆ ಟೈಮ್ ಸಿಗಬಾರದು. ಧ್ವನಿ ಏರಿಸೋ ಹಾಗಿಲ್ಲ, ಆದರೆ ‘ಇದನ್ನ ಇಲ್ಲಿ ಒಪ್ಪೋದಿಲ್ಲ’ ಅನ್ನೋದು ಅವರಿಗೆ ಮುಟ್ಟಬೇಕು. ಈಗ ಸಾಫ್ಟ್ ಸ್ಕಿಲ್ ಅಂತ ಕರೀತಾರಲ್ಲ, ಮೆತ್ತಗಿನ ವಿದ್ಯೆ ಅಂತೂ ಅಲ್ಲ ಅದು.

ಆದರೂ ಬರ್ಗನ್‌ನಲ್ಲಿ ಎಲ್ಲ ಶಿಕ್ಷಕರೂ ಒಂದೇ ಥರ ಕೆಲಸ ಮಾಡಲಿಲ್ಲ. ಯಾರು ಜಾಸ್ತಿ ಮಾಡಿದರು ಅಂತ ಓಲ್ವೇಯಸ್ ಮತ್ತು ಅವರ ಸಹೋದ್ಯೋಗಿ ಹುಡುಕಿ 2003ರಲ್ಲಿ ಪ್ರಕಟಿಸಿದರು. ಕೈಪಿಡಿಯನ್ನು ನಿಜವಾಗಿ ಓದಿದವರು. ಇದು ನಮ್ಮ ಕೈಲಿದೆ, ನಾವು ಮಾಡಿದರೆ ಬದಲಾಗುತ್ತೆ ಅಂತ ನಂಬಿದವರು. ಆ ಪಟ್ಟಿಯಲ್ಲಿ ಇನ್ನೊಂದು ಬಗೆಯವರೂ ಇದ್ದರು: ಚಿಕ್ಕಂದಿನಲ್ಲಿ ತಾವೇ ಆ ಗೋಳು ತಿಂದು ಬೆಳೆದು, ಈಗ ಮೇಷ್ಟ್ರಾಗಿದ್ದವರು.