ತುಳುನಾಡಿನ ದೈವಗಳೂ ‘ಮತ’ವೆಂಬ ಮಾತೂ

ಬಂಟವಾಳದಿಂದ ಬೆಳ್ತಂಗಡಿಯ ದಾರಿ ಹಿಡಿದು ಧರ್ಮಸ್ಥಳಕ್ಕೆ ಹೋದವರು ಒಂದು ಸಂಗತಿಯನ್ನು ಕಂಡೇ ಇರುವರು. ಅಲ್ಲಿಯ ದೇವರು ಲಿಂಗರೂಪಿಯಾದ ಮಂಜುನಾಥ. ಪೂಜೆಗೈವವರು ಮಾಧ್ವ ಬ್ರಾಹ್ಮಣರು. ಕ್ಷೇತ್ರದ ಆಡಳಿತವೋ ಜೈನರಾದ ಹೆಗ್ಗಡೆಯವರದು. ಹತ್ತಿರದಲ್ಲೇ ಚಂದ್ರನಾಥನ ಬಸದಿ. ಇಷ್ಟಕ್ಕೂ ಮೂಲವೆಂದು ಐತಿಹ್ಯವು ಹೇಳುವುದು ನಾಲ್ಕು ಧರ್ಮದೈವಗಳನ್ನು. ಇದು ಯಾವ ಮತದ ಸ್ಥಳವೆಂದು ಕೇಳಿದರೆ ನಾವು ಏನೆಂದು ಉತ್ತರ ಕೊಡೋಣ?

ನಾವು ಕಾಲೇಜಿನಲ್ಲಿ ಓದಿದ ಇಂಗ್ಲಿಷ್ ಗ್ರಂಥಗಳಿಗೆ ಈ ತೊಡಕೇ ಇರಲಿಲ್ಲ. ‘ರಿಲಿಜನ್’ ಎಂದರೆ ಒಂದು ಶಾಸ್ತ್ರ, ಒಂದು ನಂಬುಗೆ, ಒಂದು ಸಂಘ. ಅದರೊಳಗೆ ಹಿಡಿಸದುದೆಲ್ಲ ಮೂಢಾಚಾರ. ಬರ್ನೆಲ್ ಎಂಬ ವಿದ್ವಾಂಸನ ಸಂಗ್ರಹದಲ್ಲಿದ್ದ ಪಾಡ್ದನಗಳು, ಅವನು ತೀರಿಕೊಂಡ ಮೇಲೆ, 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದುವು. ತಲೆಬರಹ, ‘ತುಳುವರ ಪಿಶಾಚಾರಾಧನೆ’ ಎಂಬರ್ಥದ್ದು. ಸಂಗ್ರಹಕ್ಕಾಗಿ ನಾವು ಅವನಿಗೆ ಋಣಿಗಳು. ತಲೆಬರಹವನ್ನು ಮಾತ್ರ ಹಿಂದಿರುಗಿಸುತ್ತೇವೆ.

ನೇಮದ ರಾತ್ರಿ ನಡೆಯುವುದಾದರೂ ಏನು? ದೈವವು ತಾನೆಲ್ಲಿ ಹುಟ್ಟಿತು, ಯಾವ ಗಡಿ ದಾಟಿತು, ಯಾರ ಮನೆಯಲ್ಲಿ ನೆಲೆಗೊಂಡಿತು ಎಂಬುದನ್ನು ಪಾಡ್ದನವು ಹೇಳುತ್ತದೆ. ಬಳಿಕ ಊರವರ ದೂರುಗಳು: ಗದ್ದೆಯ ಹುಣಿಯ ವ್ಯಾಜ್ಯ, ಅಣ್ಣತಮ್ಮಂದಿರ ಪಾಲು, ತಪ್ಪಿದ ಮಾತು. ದೈವದ ನುಡಿಯೇ ತೀರ್ಪು. ವೇಷ ಕಟ್ಟುವವರು ಪರವರು, ಪಂಬದರು, ನಲಿಕೆಯವರು. ಹಗಲಿನಲ್ಲಿ ಅವರನ್ನು ಅಂಗಳದಾಚೆ ನಿಲ್ಲಿಸುತ್ತಿದ್ದ ಕಾಲದಲ್ಲಿಯೂ ಗುತ್ತಿನ ಯಜಮಾನನು ಆ ರಾತ್ರಿ ಅವರ ಮುಂದೆ ಕೈಮುಗಿದು ನಿಲ್ಲಲೇ ಬೇಕಾಗಿತ್ತು. ಇದರಲ್ಲಿ ಮತವೆಷ್ಟು, ನ್ಯಾಯಸ್ಥಾನವೆಷ್ಟು, ಊರಿನ ಚರಿತ್ರೆಯೆಷ್ಟು?

ಜಪಾನಿನವರೂ ಈ ತೊಡಕನ್ನು ಪಟ್ಟವರೇ. ಹುಟ್ಟಿದ ಮಗುವನ್ನು ಕಾಮಿಗಳ ಗುಡಿಗೆ ಒಯ್ದು, ಸತ್ತವರಿಗೆ ಬೌದ್ಧರಿಂದ ಕ್ರಿಯೆ ಮಾಡಿಸುವ ಆ ಜನರು, ಪಾಶ್ಚಾತ್ಯರೊಡನೆ ಕೌಲುಗಳಾದ ಮೇಲೆ, ‘ಶೂಕ್ಯೋ’ ಎಂಬ ಹಳೆಯ ಬೌದ್ಧ ಪದವನ್ನು ‘ರಿಲಿಜನ್’ ಎಂಬರ್ಥಕ್ಕೆ ರೂಢಿಸಿದರು. 1868ರಲ್ಲಿ ಕಾಮಿಗಳನ್ನೂ ಬುದ್ಧರನ್ನೂ ಬೇರ್ಪಡಿಸಲು ರಾಜಾಜ್ಞೆಯಾಯಿತು. ಎಷ್ಟೋ ವಿಗ್ರಹಗಳು ಒಡೆದುಹೋದುವು. 1900ರಲ್ಲಿ ಗುಡಿಗಳಿಗೊಂದು ಕಚೇರಿ, ‘ಮತ’ಗಳಿಗೆ ಇನ್ನೊಂದು.

ನಮ್ಮಲ್ಲಿ ಅಂಥ ಆಜ್ಞೆ ಬರಲಿಲ್ಲ. ಜನಗಣತಿಯ ಅಂಕಣ ಬಂದಿತು. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಗೆ ಕೈಮುಗಿದು ಮನೆಯ ದೈವಕ್ಕೂ ನೇಮ ಕೊಡುವ ಗೃಹಸ್ಥನು ‘ಜೈನ’ನೆಂದು ಬರೆಸುವನು, ಅದೇ ದೈವದ ಮುಂದೆ ನಿಂತ ಬಿಲ್ಲವನು ‘ಹಿಂದು’ವೆಂದು. ದೈವಕ್ಕೆ ಮಾತ್ರ ಅಂಕಣವಿಲ್ಲ.

ಬೆಳ್ತಂಗಡಿಯ ಕಡೆಯ ವೃದ್ಧ ರೈತರೊಬ್ಬರನ್ನು ಒಮ್ಮೆ ನಾವು, ‘ತಮ್ಮ ಮತ ಯಾವುದು?’ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿ, ‘ಯಾವ ಗ್ರಾಮ, ಯಾವ ಮನೆ, ಯಾವ ದೈವ ಎಂದು ಕೇಳಿ ಸ್ವಾಮೀ, ಹೇಳುತ್ತೇನೆ’ ಎಂದರು.