ಹಡಗಿನಲ್ಲಿ ಬೆಕ್ಕಿಗೊಂದು ಜಾಗ

ನಮ್ಮ ಕುಂದಾಪುರದ ಕಡೆ ಹಿಂದೆ ಬೆಕ್ಕಿಗೆ ಪ್ರಯಾಣಯೋಗ ಕೂಡಿಬರುತ್ತಿದ್ದುದು ಒಂದೇ ಕಾರಣಕ್ಕೆ. ಅಡುಗೆಮನೆಯಲ್ಲಿ ಮೀನು, ಹಾಲು ಉಳಿಯದಂತಾದಾಗ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ದಾರಿ ಹಿಡಿದು ವಾಪಸು ಬಂದೀತೆಂದು ಚೀಲವನ್ನು ನಾಲ್ಕು ಸುತ್ತು ತಿರುಗಿಸುವವರೂ ಇದ್ದರು. ಇನ್ನು ನಾವು ಹೊರಟಾಗ ಬೆಕ್ಕು ಅಡ್ಡ ಬಂದರೆ ಮರಳಿ ಜಗಲಿಗೆ ಬಂದು ಸ್ವಲ್ಪ ಹೊತ್ತು ಕೂರಬೇಕು. ಇಂಥ ಊರಿನಲ್ಲಿ, ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಹಿಂಗಾಲೆರಡರ ಶಕ್ತಿ ಹೋದ ಚಿನ್ನಿಯೆಂಬ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಊರು ನೋಡಲು ಹೊರಡುವ ನನ್ನಂಥ ನಿವೃತ್ತ ಟೀಚರನ್ನು ಜನ ಹೇಗೆ ನೋಡುತ್ತಾರೆಂದು ಬೇರೆ ಹೇಳಬೇಕಿಲ್ಲ. ಬಸ್ರೂರಿನಲ್ಲಿ ಹೂ ಮಾರುವಾಕೆ ಕೇಳಿಯೇಬಿಟ್ಟಳು: "ಅಕ್ಕಾ, ಇದ್ಕ್ ಇಲ್ಲ್ ಎಂತ ಕಾಂಬುಕಿತ್?"

ಪ್ರಶ್ನೆ ನ್ಯಾಯವಾದದ್ದೇ. ಪೋರ್ಚುಗೀಸರು ಅಕ್ಕಿಗಾಗಿ ಕಣ್ಣಿಟ್ಟಿದ್ದ, 1665ರಲ್ಲಿ ಶಿವಾಜಿ ಹಡಗುಗಳೊಡನೆ ಬಂದು ಕೊಳ್ಳೆ ಹೊಡೆದ ಬಸ್ರೂರು ಈಗ ಹೊಳೆಬದಿಯ ಸಣ್ಣ ಊರು. ಬಂದರನ್ನು ನಾನೂ ಊಹಿಸಿಕೊಂಡೇ ನೋಡಬೇಕು. ಆದರೆ ಬೆಕ್ಕನ್ನು ಕರೆತರಲು ಹಳೆಯ ಬಂದರಿಗಿಂತ ತಕ್ಕ ಜಾಗ ಇನ್ನಾವುದಿದೆ? ಈ ಜಾತಿ ಜಗತ್ತು ಸುತ್ತಿದ್ದೇ ಹಡಗು ಹತ್ತಿ. ಇಲಿ ಧಾನ್ಯ ತಿನ್ನುತ್ತದೆ, ಹಗ್ಗ ಕಡಿಯುತ್ತದೆ, ಹಾಯಿಬಟ್ಟೆ ತೂತು ಮಾಡುತ್ತದೆ. ಹಾಗಾಗಿ ಹಡಗಿನಲ್ಲಿ ಬೆಕ್ಕಿಗೆ ಪಗಾರವಿಲ್ಲದ ನೌಕರಿಯೊಂದು ಇದ್ದೇ ಇತ್ತು. ಆ ನೌಕರಿ ಮಾಡಲಾಗದ ಬೆಕ್ಕಿಗೂ ಜಾಗ ಸಿಕ್ಕಿತ್ತೇ ಎಂದು ನಾನು ಓದುತ್ತ ಹೋದದ್ದು ಚಿನ್ನಿ ಮನೆಗೆ ಬಂದ ಮೇಲೆ.

ಬಹಳ ಹಳೆಯ ಉತ್ತರವೊಂದು ಈಜಿಪ್ಟಿನ ಕೆಂಪು ಸಮುದ್ರದ ದಂಡೆಯಲ್ಲಿದೆ. ರೋಮನ್ನರ ಕಾಲದಲ್ಲಿ ಭಾರತದ ಪಶ್ಚಿಮ ಕರಾವಳಿಯ ಮೆಣಸು ಇಳಿಯುತ್ತಿದ್ದ ಬಂದರು ಬೆರೆನಿಕೆ. ಅಲ್ಲಿನ ಸೆರಾಪಿಸ್ ಗುಡಿಯಲ್ಲಿ ನಮ್ಮ ದೇಶದ ಹರವಿಯೊಳಗೆ 7.5 ಕಿಲೋ ಕಾಳುಮೆಣಸು ಸಿಕ್ಕಿದೆ. ಊರಂಚಿನಲ್ಲಿ ಸಾಕುಪ್ರಾಣಿಗಳದೇ ಒಂದು ಸ್ಮಶಾನ. ಪೋಲೆಂಡಿನ ತಜ್ಞೆ ಮಾರ್ಟಾ ಒಸಿಪಿನ್‌ಸ್ಕಾ 2021ರಲ್ಲಿ ಅಲ್ಲಿನ 585 ಪ್ರಾಣಿಗಳ ಎಲುಬುಗಳ ವಿವರ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬೆಕ್ಕುಗಳು. ಕೆಲವಕ್ಕೆ ಕೊರಳಪಟ್ಟಿ, ಕೆಲವಕ್ಕೆ ಮಣಿಸರ. ಭಾರತದಿಂದ ಹೋದ ಕೋತಿಗಳೂ ಅಲ್ಲೇ ಮಲಗಿವೆ. ನನ್ನನ್ನು ತಡೆದು ನಿಲ್ಲಿಸಿದ್ದು ಹಲ್ಲುದುರಿದ ಮುದಿ ಪ್ರಾಣಿಗಳ ಎಲುಬು. ನೈಲ್ ದಂಡೆಯ ಕಾಪ್ಟಾಸ್‌ನಿಂದ ಆ ಬಂದರಿಗೆ ಮರಳುಗಾಡಿನಲ್ಲಿ ಒಂಟೆಗಳ ಮೇಲೆ 12 ದಿನದ ದಾರಿ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅಂಥಲ್ಲಿ, ಅಗಿಯಲಾರದ ಪ್ರಾಣಿಗೆ ಯಾರೋ ಮೆತ್ತಗಿನದನ್ನು ಹುಡುಕಿ ಉಣಿಸದೆ ಅದು ಅಷ್ಟು ವರ್ಷ ಬದುಕಿರುವುದು ಸಾಧ್ಯವಿಲ್ಲ.

ಆದರೆ ಹೆಸರು ಉಳಿದದ್ದು ಗಟ್ಟಿಮುಟ್ಟಿನ ಬೆಕ್ಕುಗಳದ್ದು. ಟ್ರಿಮ್ 1799ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಹಡಗಿನಲ್ಲೇ ಹುಟ್ಟಿದ್ದು. ಮರಿಯಾಗಿದ್ದಾಗ ನೀರಿಗೆ ಬಿದ್ದು, ಈಜಿ, ಹಗ್ಗ ಹಿಡಿದು ಮೇಲೆ ಬಂದಿತು. ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ ಜೊತೆ ಆಸ್ಟ್ರೇಲಿಯಾ ಸುತ್ತಿ ಬಂದಿತು, 1803ರಲ್ಲಿ ಹಡಗೊಡೆದರೂ ಉಳಿಯಿತು. ಮಾರಿಷಸ್‌ನಲ್ಲಿ ಫ್ರೆಂಚರು ಫ್ಲಿಂಡರ್ಸ್‌ನನ್ನು ಸೆರೆಯಿಟ್ಟಾಗ ಕಣ್ಮರೆಯಾಯಿತು. 1809ರಲ್ಲಿ, ಇನ್ನೂ ಸೆರೆಯಲ್ಲಿದ್ದಾಗಲೇ, ಅವನು ಅದರ ಚರಿತ್ರೆ ಬರೆದ.

ಕಷ್ಟ ಬಂದಾಗ ಲೆಕ್ಕ ಹೇಗೆ ಬದಲಾಗುತ್ತದೆಂದು ತಿಳಿಯಲು ದಕ್ಷಿಣ ಧ್ರುವದ ಕಡೆ ಹೋಗಬೇಕು. ಧ್ರುವ ಅನ್ವೇಷಕ ಶ್ಯಾಕಲ್ಟನ್‌ನ ಎಂಡ್ಯೂರೆನ್ಸ್ ಹಡಗಿನಲ್ಲಿ ಬಡಗಿ ಹ್ಯಾರಿ ಮ್ಯಾಕ್‌ನಿಶ್‌ನ ಹಿಂದೆಯೇ ಸುತ್ತುತ್ತಿದ್ದ ಬೆಕ್ಕಿಗೆ ಮಿಸೆಸ್ ಚಿಪ್ಪಿ ಎಂದು ಹೆಸರು. ಹೆಸರಿಗೆ ಹೆಣ್ಣು, ಹುಟ್ಟಿನಿಂದ ಗಂಡು. 1915ರ ಅಕ್ಟೋಬರಿನಲ್ಲಿ ಹಿಮ ಹಡಗನ್ನು ಹಿಂಡಿತು. ಹಿಮದ ಮೇಲೆ ದೋಣಿ ಎಳೆಯುತ್ತ ನಡೆಯಬೇಕಾಗಿದ್ದ ಹೊತ್ತಿನಲ್ಲಿ, ಎಳೆಯಲಾರದ ನಾಯಿಮರಿಗಳನ್ನೂ ಬೆಕ್ಕನ್ನೂ ಶ್ಯಾಕಲ್ಟನ್ ಗುಂಡಿಟ್ಟು ಕೊಲ್ಲಿಸಿದ. ಅನ್ನದ ಲೆಕ್ಕಕ್ಕೆ ಅದು ತಪ್ಪೆನ್ನಲಾರೆ. ಆದರೆ ಮ್ಯಾಕ್‌ನಿಶ್ ಕೊನೆಯವರೆಗೂ ಕ್ಷಮಿಸಲಿಲ್ಲ. ಎಲ್ಲರ ಜೀವ ಉಳಿಸಿದ ದೋಣಿಯನ್ನು ಸಮುದ್ರಯಾನಕ್ಕೆ ಸಜ್ಜುಗೊಳಿಸಿದವನೂ ಅವನೇ. ವೆಲಿಂಗ್ಟನ್‌ನ ಕರೋರಿಯಲ್ಲಿರುವ ಅವನ ಗೋರಿಯ ಮೇಲೆ 2004ರಲ್ಲಿ ಆ ಬೆಕ್ಕಿನ ಕಂಚಿನ ಪ್ರತಿಮೆ ಇಟ್ಟರು.

ಇದಕ್ಕೆ ಎದುರಾಗಿ ನಿಲ್ಲುವುದು ಸೈಮನ್. 1948ರಲ್ಲಿ ಹಾಂಗ್‌ಕಾಂಗಿನಲ್ಲಿ ಹುಡುಗ ನಾವಿಕನೊಬ್ಬ ಬ್ರಿಟಿಷ್ ಯುದ್ಧನೌಕೆ ಅಮೆಥಿಸ್ಟ್‌ಗೆ ತಂದುಕೊಂಡ ಬೀದಿಬೆಕ್ಕು ಅದು. 1949ರ ಏಪ್ರಿಲ್ 20ರಂದು ಯಾಂಗ್ಟ್‌ಸೆ ನದಿಯಲ್ಲಿ ಚೀನಾದ ಕಮ್ಯುನಿಸ್ಟ್ ಸೇನೆಯ ಫಿರಂಗಿಗಳು ಅಮೆಥಿಸ್ಟ್ ಮೇಲೆ ಗುಂಡು ಹಾರಿಸಿದವು. ಕ್ಯಾಪ್ಟನ್ ಗಾಯಗೊಂಡು ಸತ್ತರು. ಸೈಮನ್‌ನ ಮೀಸೆ ಸುಟ್ಟು, ಮೈಯೊಳಗೆ ಲೋಹದ ಚೂರು ಹೊಕ್ಕಿದ್ದವು. ರಾತ್ರಿ ಕಳೆಯಲಾರದು ಎಂದುಕೊಂಡೇ ವೈದ್ಯ ಸಿಬ್ಬಂದಿ ಚೂರುಗಳನ್ನು ಕಿತ್ತರು. ಬೆಕ್ಕು ಬದುಕಿತು. ಹಡಗು ನದಿಯಲ್ಲಿ ಸಿಕ್ಕಿಬಿದ್ದಿದ್ದ 101 ದಿನ ಉಗ್ರಾಣದ ಇಲಿಗಳನ್ನು ಹಿಡಿಯಿತು, ಗಾಯಾಳು ಹುಡುಗರ ಹಾಸಿಗೆಯ ಮೇಲೆ ಹೋಗಿ ಕೂತಿತು. ಅದಕ್ಕೆ, ಯುದ್ಧದಲ್ಲಿ ಸೇವೆ ಮಾಡಿದ ಪ್ರಾಣಿಗಳಿಗೆ ಕೊಡುವ ಡಿಕಿನ್ ಪದಕ ಬಂತು. ಆ ಪದಕ ಪಡೆದ ಬೆಕ್ಕು ಇದೊಂದೇ.

ಪದಕ ಕೊಟ್ಟದ್ದು ಇಲಿ ಹಿಡಿದದ್ದಕ್ಕೆ. ನನಗೆ ದೊಡ್ಡದಾಗಿ ಕಾಣುವುದು ಅದಕ್ಕೂ ಮೊದಲಿನ ಗಳಿಗೆ. ಮನುಷ್ಯರೇ ಸಾಲಾಗಿ ಮಲಗಿ ನರಳುತ್ತಿದ್ದಾಗ, ಇನ್ನು ಇಲಿ ಹಿಡಿದೀತೆಂಬ ಆಸೆಯೇ ಇಲ್ಲದ ಬೆಕ್ಕಿನ ಗಾಯಕ್ಕೆ ಯಾರೋ ಕೈ ಹಚ್ಚಿದರಲ್ಲ, ಆ ಗಳಿಗೆ. ಪ್ರಯಾಣಕ್ಕೆ ಮುಂಚೆ ಚಿನ್ನಿಯ ಕಿಬ್ಬೊಟ್ಟೆಯನ್ನು ಮೆತ್ತಗೆ ಒತ್ತಿ ಮೂತ್ರ ತೆಗೆಯಬೇಕು, ಹಿಂಗಾಲಿನ ಚರ್ಮ ಉಜ್ಜಿ ಹುಣ್ಣಾಗಿದೆಯೇ ಎಂದು ನೋಡಬೇಕು, ಹಳೆ ಟವೆಲುಗಳ ಒಂದು ಗಂಟು ಕಟ್ಟಿಕೊಳ್ಳಬೇಕು. ಈ ಕೆಲಸ ಮಾಡಿದವರಿಗೆ ಆ ಕೈ ಎಂಥದ್ದೆಂದು ಗೊತ್ತು.

ಸೈಮನ್ ಸತ್ತದ್ದು ಯುದ್ಧದಲ್ಲಲ್ಲ. ಇಂಗ್ಲೆಂಡಿಗೆ ಬಂದ ಪ್ರಾಣಿಗಳನ್ನು ಹುಚ್ಚುನಾಯಿ ರೋಗದ ಭಯಕ್ಕೆ 6 ತಿಂಗಳು ಬೇರೆಯಾಗಿ ಇಡುವ ಕಾನೂನಿತ್ತು. ಆ ಕ್ವಾರಂಟೈನಿನಲ್ಲೇ ಜ್ವರ ಬಂದು ಅದೇ ವರ್ಷ ನವೆಂಬರ್ 28ರಂದು ಸತ್ತಿತು. 1975ರಲ್ಲಿ ಬ್ರಿಟಿಷ್ ನೌಕಾಪಡೆ ಹಡಗುಗಳಲ್ಲಿ ಬೆಕ್ಕು ಇಟ್ಟುಕೊಳ್ಳುವುದನ್ನೇ ನಿಲ್ಲಿಸಿತು. 2000ದ ಫೆಬ್ರುವರಿ 28ರಿಂದ ಹೊಸ ವ್ಯವಸ್ಥೆ ಬಂತು. ಆಯ್ದ ದೇಶಗಳಿಂದ ಬರುವ ಬೆಕ್ಕು, ನಾಯಿಗಳಿಗೆ ಚರ್ಮದಡಿ ಮೈಕ್ರೋಚಿಪ್, ರೇಬಿಸ್ ಲಸಿಕೆ, ರಕ್ತಪರೀಕ್ಷೆಯ ಕಾಗದ ಇದ್ದರೆ ಆರು ತಿಂಗಳ ವಾಸ ತಪ್ಪಿತು. ಸಾವಿರಾರು ವರ್ಷ ಕೆಲಸದ ಮೇಲೆ ಪ್ರಯಾಣಿಸಿದ ಬೆಕ್ಕು ಹೀಗೆ ಸುಮ್ಮನೆ ಪ್ರಯಾಣಿಕನಾಯಿತು. ಲಸಿಕೆಯ ತಾರೀಕು ಕೇಳುವ ಅಧಿಕಾರಿ, ಇದು ಇಲಿ ಹಿಡಿಯುತ್ತದೆಯೇ ಎಂದು ಕೇಳುವುದಿಲ್ಲ.